ಅರೆತಲೆನೋವಿನ ಲೆಕ್ಕ

ತಲೆನೋವು ಎಂದರೆ ಹಣೆಗೆ ಅಮೃತಾಂಜನ ಸವರಿಕೊಂಡು, ಬಿಸಿ ಕಾಫಿ ಕುಡಿದು, ಅರ್ಧ ಗಂಟೆ ಮಲಗಿದರೆ ಹೋಗುವ ಸಂಗತಿ ಎಂದು ಬಹಳ ಜನ ತಿಳಿದಿದ್ದಾರೆ. ಅಂಥ ತಲೆನೋವೂ ಉಂಟು. ನನ್ನದು ಅದಲ್ಲ, ಮೈಗ್ರೇನ್. ತಲೆಯ ಒಂದೇ ಪಕ್ಕಕ್ಕೆ ಬರುವುದು ಹೆಚ್ಚಾದ್ದರಿಂದ ನಮ್ಮವರು ಅದನ್ನು ಅರೆತಲೆನೋವು ಎಂದರು. ಸುಶ್ರುತ ಸಂಹಿತೆಯಲ್ಲಿ ಅದಕ್ಕೆ ಅರ್ಧಾವಭೇದಕ ಎಂಬ ಹೆಸರಿದೆ. ಮೈಗ್ರೇನ್ ಎಂಬ ಪದ ಹುಟ್ಟಿದ್ದೂ ಗ್ರೀಕ್ ಭಾಷೆಯ ‘ಅರ್ಧ ತಲೆ’ ಎಂಬ ಮಾತಿನಿಂದಲೇ. ದೇಶ ಬೇರೆ, ಭಾಷೆ ಬೇರೆ, ನೋವು ಹಿಡಿಯುವ ಜಾಗ ಮಾತ್ರ ಒಂದೇ!

ನಾನು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಕೆಲಸಕ್ಕೆ ಸೇರಿ 18 ವರ್ಷವಾಯಿತು. ನೋವು ಬರುವ ಮುನ್ನ ನನಗೆ ಒಮ್ಮೊಮ್ಮೆ ಕಣ್ಣ ಮುಂದೆ ಹೊಳೆಯುವ ಅಂಕುಡೊಂಕು ಗೆರೆಯೊಂದು ಕಾಣಿಸಿಕೊಳ್ಳುತ್ತದೆ. ಲೆಡ್ಜರಿನ ಅಂಕಿಗಳ ಮೇಲೆ ಯಾರೋ ರಂಗೋಲಿಯ ಅಂಚು ಎಳೆದ ಹಾಗೆ. 4,350 ಎಂದು ಬರೆದದ್ದು 4, ಆಮೇಲೆ ಬೆಳಕು, ಆಮೇಲೆ 0 ಎಂದು ಕಾಣುತ್ತದೆ. ವೈದ್ಯರು ಇದಕ್ಕೆ ಔರಾ ಎನ್ನುತ್ತಾರೆ. ಇದು ಎಲ್ಲರಿಗೂ ಬರುವುದಿಲ್ಲ, ಬಂದರೂ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಕರಗುತ್ತದೆ. ಅದರ ಹಿಂದೆಯೇ ನೋವು ಶುರು. ಬಲಗಣ್ಣಿನ ಹಿಂದೆ ನಾಡಿ ಬಡಿದ ಹಾಗೆ ದಬದಬ ಎನ್ನುತ್ತದೆ. ಟ್ಯೂಬ್‌ಲೈಟ್ ಬೇಡ, ಕುಕ್ಕರಿನ ಸೀಟಿ ಬೇಡ, ಪಕ್ಕದ ಮನೆಯ ಒಗ್ಗರಣೆಯ ಘಾಟೂ ಬೇಡ. ಕೊನೆಗೆ ವಾಂತಿ. ಔಷಧಿ ಇಲ್ಲದೆ ಬಿಟ್ಟರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೂ ಇರಬಹುದಾದ ಕಾಟ ಇದು.

ವಾಂತಿಯಾಗುವುದರಿಂದಲೇ ನಮ್ಮತ್ತೆ ಇದನ್ನು ‘ಪಿತ್ತ’ ಎನ್ನುತ್ತಾರೆ. ಅವರಿಗೂ ವಯಸ್ಸಿನಲ್ಲಿ ಬರುತ್ತಿತ್ತಂತೆ. ಹಣೆಗೆ ಹಳೆಯ ಸೀರೆಯ ಅಂಚನ್ನು ಬಿಗಿಯಾಗಿ ಕಟ್ಟಿಕೊಂಡು, ಹಾಗೆಯೇ ಹತ್ತು ಜನರಿಗೆ ರೊಟ್ಟಿ ತಟ್ಟುತ್ತಿದ್ದರಂತೆ. ಆಗ ಅವರನ್ನು ಮಲಗು ಎಂದವರು ಯಾರೂ ಇರಲಿಲ್ಲ. ನಾನು ಬಾಗಿಲು ಮುಚ್ಚಿ ಮಲಗಿದರೆ ಇವತ್ತು ಅವರೇ ಟೀವಿಯ ಸದ್ದು ಕಡಿಮೆ ಮಾಡುತ್ತಾರೆ.

ಕಾರಣ ಪಿತ್ತವಲ್ಲ, ತಲೆಯೊಳಗಿನ ನರಗಳು. ಮಕ್ಕಳೇ, ನಿಮಗೊಂದು ವಿಚಿತ್ರ ಹೇಳುತ್ತೇನೆ. ಮೈಯ ನೋವನ್ನೆಲ್ಲ ತಿಳಿಯುವ ಮಿದುಳಿಗೆ ತನ್ನ ನೋವು ತಿಳಿಯುವುದಿಲ್ಲ. ನೋವು ತಿಳಿಯುವುದು ಅದನ್ನು ಹೊದ್ದಿರುವ ಪೊರೆಗೆ, ಅಲ್ಲಿನ ರಕ್ತನಾಳಗಳಿಗೆ. ಮುಖ ಮತ್ತು ತಲೆಗೆ ಹಬ್ಬಿರುವ ಟ್ರೈಜೆಮಿನಲ್ ಎಂಬ ನರ ಕೆರಳಿದಾಗ ಸಿಜಿಆರ್‌ಪಿ ಎಂಬ ವಸ್ತು ಬಿಡುಗಡೆಯಾಗಿ ಈ ಪೊರೆಯಲ್ಲಿ ನೋವೆಬ್ಬಿಸುತ್ತದೆ. ಇದನ್ನು ಬಿಡಿಸಿ ತೋರಿಸಿದ ನಾಲ್ವರು ವಿಜ್ಞಾನಿಗಳಿಗೆ 2021ರಲ್ಲಿ ಡೆನ್ಮಾರ್ಕಿನ ಬ್ರೇನ್ ಪ್ರೈಜ್ ಬಂತು. ಹೊಟ್ಟೆಯೂ ಈ ಗಲಾಟೆಯಲ್ಲಿ ಕೆಲಸ ನಿಧಾನ ಮಾಡುತ್ತದೆ. ನೋವು ಜೋರಾದ ಮೇಲೆ ನುಂಗಿದ ಮಾತ್ರೆ ಸರಿಯಾಗಿ ನಾಟದಿರುವುದು ಅದಕ್ಕೇ.

ಇದೇನು ಅಪರೂಪದ ಕಾಯಿಲೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು ನಗರದಲ್ಲೂ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಕೇಳಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ದೊಡ್ಡವರಲ್ಲಿ ನಾಲ್ವರಿಗೆ ಒಬ್ಬರು ವರ್ಷದೊಳಗೆ ಮೈಗ್ರೇನ್ ಅನುಭವಿಸಿದ್ದರು. ಹೆಂಗಸರಲ್ಲಿ ಹೆಚ್ಚು. ಇಷ್ಟು ಜನರಿಗಿದ್ದರೂ ಆಫೀಸಿನಲ್ಲಿ ರಜೆ ಕೇಳಿದರೆ ಬರುವ ಮಾತು ಒಂದೇ: ‘ತಲೆನೋವಿಗೂ ರಜೆಯಾ?’ ಕೈ ಮುರಿದರೆ ಬ್ಯಾಂಡೇಜ್ ಕಾಣುತ್ತದೆ. ಇದಕ್ಕೆ ತೋರಿಸಲು ಏನಿದೆ?

ಎರಡು ವರ್ಷದ ಹಿಂದೆ ನನಗೆ ತಿಂಗಳಿಗೆ 16, 17 ದಿನ ನೋವಿರುತ್ತಿತ್ತು. ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವು, ಅದರಲ್ಲಿ ಎಂಟು ದಿನವಾದರೂ ಮೈಗ್ರೇನ್ ಇದ್ದರೆ ವೈದ್ಯರು ದೀರ್ಘಕಾಲದ ಮೈಗ್ರೇನ್ ಎನ್ನುತ್ತಾರೆ. ರಜೆ ಮುಗಿದಿತ್ತು, ಸಂಬಳ ಕಡಿತವಾಗುತ್ತಿತ್ತು, ಮನೆಯ ಸಾಲದ ಕಂತು ಇನ್ನೂ ಆರು ವರ್ಷದ್ದಿತ್ತು. ಆದರೂ ರಾಜೀನಾಮೆ ಪತ್ರ ಬರೆದು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ.

ಅದನ್ನು ಕೊಡುವ ಮೊದಲು ನರರೋಗ ತಜ್ಞರೊಬ್ಬರನ್ನು ಕಂಡೆ. ಪರೀಕ್ಷೆ ಮಾಡಿ, ‘ಸ್ಕ್ಯಾನ್ ಈಗ ಬೇಡಮ್ಮ, ಎರಡು ತಿಂಗಳು ಬರೆದಿಟ್ಟುಕೊಂಡು ಬನ್ನಿ’ ಎಂದರು. ಬರೆದವಳು ನಾನಲ್ಲ, ಏಳನೇ ತರಗತಿಯ ನನ್ನ ಮಗಳು. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ನೋವಿನ ದಿನಕ್ಕೆ ಕೆಂಪು ಚುಕ್ಕೆ, ಮಾತ್ರೆ ನುಂಗಿದ ದಿನಕ್ಕೆ ನೀಲಿ ಗೀಟು, ನಿದ್ದೆ ಕೆಟ್ಟರೆ ‘ನಿ’ ಎಂದು ಹಾಕಿದಳು.

ಎರಡು ತಿಂಗಳಾದ ಮೇಲೆ ಅವಳೇ ಕೇಳಿದಳು: ‘ಅಮ್ಮಾ, ಆಫೀಸಿನ ಕೆಲಸದಿಂದ ತಲೆನೋವು ಅಂತೀಯ, ಕೆಂಪು ಚುಕ್ಕೆ ಎಲ್ಲ ಭಾನುವಾರವೇ ಇದೆಯಲ್ಲ?’ ನಿಜವಾಗಿತ್ತು. ಮಾರ್ಚ್ 31ರ ಲೆಕ್ಕ ಮುಗಿಯುವವರೆಗೆ ತಡೆದಿದ್ದ ನೋವು ಏಪ್ರಿಲ್ 2ಕ್ಕೆ ಬಂದಿತ್ತು. ಒತ್ತಡ ಏರಿದಾಗ ಮಾತ್ರವಲ್ಲ, ಥಟ್ಟನೆ ಇಳಿದಾಗಲೂ ಮೈಗ್ರೇನ್ ಬರುತ್ತದೆ ಎಂದು ವೈದ್ಯರು ವಿವರಿಸಿದರು. ಭಾನುವಾರ ತಡವಾಗಿ ಏಳುವುದು, ಏಳು ಗಂಟೆಯ ಕಾಫಿ ಒಂಬತ್ತಕ್ಕೆ ಹೋಗುವುದು, ತಿಂಡಿ ತಪ್ಪುವುದು ಎಲ್ಲವೂ ಅದಕ್ಕೆ ಜೊತೆ. ಸಂಕಷ್ಟಿಯ ದಿನಗಳಲ್ಲೂ ಚುಕ್ಕೆ ಇತ್ತು. ಈಗ ಆ ದಿನ ಹೊತ್ತುಹೊತ್ತಿಗೆ ಹಾಲು, ಬಾಳೆಹಣ್ಣು ತೆಗೆದುಕೊಳ್ಳುತ್ತೇನೆ. ‘ಗಣಪತಿಗೇನೂ ಬೇಸರವಿಲ್ಲ, ಅವನೂ ತಿಂಡಿಪೋತನೇ’ ಎಂದು ಅತ್ತೆಯೇ ತೀರ್ಪು ಕೊಟ್ಟರು.

ಮಾತ್ರೆ ಎರಡು ಬಗೆ. ನೋವು ಬಂದಾಗ ನುಂಗುವುದು ಒಂದು. ಅದನ್ನು ಶುರುವಿನಲ್ಲೇ ನುಂಗಬೇಕು, ಆದರೆ ಎಣಿಸಿ ನುಂಗಬೇಕು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್ ಜಾತಿಯದನ್ನು 10 ದಿನ ಮುಟ್ಟಿಸಿ ತಿಂಗಳುಗಟ್ಟಲೆ ಹೀಗೇ ನಡೆಸಿದರೆ ಮಾತ್ರೆಯೇ ತಲೆನೋವು ತರುತ್ತದೆ. ನಮ್ಮ ಸಂಘದ ಹಿರಿಯರೊಬ್ಬರು ಮೆಡಿಕಲ್ ಶಾಪಿನಿಂದ ವಾರಕ್ಕೊಂದು ಸ್ಟ್ರಿಪ್ ತರುತ್ತಿದ್ದರು. ವೈದ್ಯರು ಅದನ್ನು ಬಿಡಿಸಿದಾಗ ಮೊದಲ ಎರಡು ವಾರ ಬಹಳ ಒದ್ದಾಡಿದರು, ಆಮೇಲೆ ನೋವು ಅರ್ಧಕ್ಕಿಳಿಯಿತು.

ಇನ್ನೊಂದು, ನೋವು ಬರದಂತೆ ತಡೆಯಲು ದಿನವೂ ನುಂಗುವ ಮಾತ್ರೆ. ನನಗೆ ಕೊಟ್ಟದ್ದು ಪ್ರೊಪ್ರನಲಾಲ್. ಡಬ್ಬಿ ನೋಡಿದ ನಮ್ಮವರು ‘ಇದು ಬಿಪಿ ಮಾತ್ರೆಯಲ್ಲವಾ?’ ಎಂದು ಗಾಬರಿಯಾದರು. ಹೌದು, ಅದಕ್ಕೂ ಕೊಡುತ್ತಾರೆ. ಗುಣ ಕಾಣಲು ಒಂದೂವರೆ, ಎರಡು ತಿಂಗಳು ಬೇಕು. ಬಹಳ ಜನ ಎರಡನೇ ವಾರಕ್ಕೇ ಬೇಸತ್ತು ನಿಲ್ಲಿಸುತ್ತಾರೆ. ನನ್ನನ್ನು ನೋಡಿ ಎದುರುಮನೆಯ ಅಜ್ಜಿ ‘ನನಗೂ ನಾಲ್ಕು ಕೊಡೇ’ ಎಂದು ಬಂದರು. ಅವರಿಗೆ ಉಬ್ಬಸ. ಉಬ್ಬಸವಿದ್ದವರಿಗೆ ಈ ಮಾತ್ರೆ ಆಗದು, ಉಸಿರು ಕಟ್ಟಬಹುದು. ಕಾಫಿ ಕೊಟ್ಟು ಕಳಿಸಿದೆ. ಅಜ್ಜಂದಿರೇ, ಅಜ್ಜಿಯರೇ, 50 ದಾಟಿದ ಮೇಲೆ ಮೊದಲ ಸಲ ಹೊಸ ಬಗೆಯ ತಲೆನೋವು ಬಂದರೆ ಅದನ್ನು ಅರೆತಲೆನೋವು ಎಂದುಕೊಂಡು ಕೂರಬೇಡಿ. ಬೇಗ ವೈದ್ಯರಿಗೆ ತೋರಿಸಿ. ಸಿಡಿಲು ಬಡಿದಂತೆ ಒಮ್ಮೆಲೇ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಜ್ವರದೊಂದಿಗೆ ಕುತ್ತಿಗೆ ಸೆಟೆದರೆ ಆ ಕ್ಷಣವೇ ಆಸ್ಪತ್ರೆ.

ಮಕ್ಕಳಿಗೂ ಮೈಗ್ರೇನ್ ಬರುತ್ತದೆ, ಅದು ವಂಶದಲ್ಲಿ ಹರಿಯುವುದೂ ಹೆಚ್ಚು. ಕೆಲವು ಮಕ್ಕಳಿಗೆ ತಲೆ ನೋಯುವುದೇ ಇಲ್ಲ, ಮತ್ತೆಮತ್ತೆ ಹೊಕ್ಕಳ ಸುತ್ತ ನೋವು, ಮುಖ ಬಿಳಿಚಿಕೊಳ್ಳುವುದು, ವಾಂತಿ. ಶಾಲೆ ತಪ್ಪಿಸುವ ನೆಪ ಎಂದು ಬೈಯುವ ಮೊದಲು ಒಮ್ಮೆ ತೋರಿಸುವುದು ಒಳ್ಳೆಯದು. ನನ್ನ ಮಗಳಿಗೆ ಇದುವರೆಗೆ ಬಂದಿಲ್ಲ. ನಾನು ಮಾತ್ರ ಕಣ್ಣಿಟ್ಟಿದ್ದೇನೆ.

ವೈದ್ಯರ ಪತ್ರದ ಜೊತೆಗೆ ಕ್ಯಾಲೆಂಡರಿನ ಹಾಳೆಗಳನ್ನೂ ಮ್ಯಾನೇಜರ್ ಮುಂದಿಟ್ಟೆ. ಲೆಕ್ಕದ ಮನುಷ್ಯನಿಗೆ ಲೆಕ್ಕವೇ ಅರ್ಥವಾಗಬೇಕು ನೋಡಿ! ಮಿಣುಕುವ ಟ್ಯೂಬ್‌ಲೈಟಿನ ಕೆಳಗಿದ್ದ ನನ್ನ ಮೇಜು ಜಾಗ ಬದಲಿಸಿತು. ವರ್ಷಾಂತ್ಯದ ಲೆಕ್ಕವನ್ನು ಫೆಬ್ರುವರಿಯಿಂದಲೇ ಮೂವರು ಹಂಚಿಕೊಂಡು ಮಾಡುತ್ತಿದ್ದೇವೆ. ಈಗ ತಿಂಗಳಿಗೆ ಐದಾರು ಕೆಂಪು ಚುಕ್ಕೆ. ರಾಜೀನಾಮೆ ಪತ್ರದ ಹಿಂಬದಿಯಲ್ಲಿ ಮಗಳು ದಿನಸಿ ಚೀಟಿ ಬರೆದುಬಿಟ್ಟಳು. ಮಾತ್ರೆಯನ್ನು ನಿಧಾನವಾಗಿ ಇಳಿಸಿ ನೋಡೋಣ ಎಂದು ವೈದ್ಯರು ಹೇಳಿದ್ದಾರೆ. ಮಾರ್ಚ್ ಕಳೆಯಲಿ ಸಾರ್ ಎಂದು ಕೇಳಿಕೊಂಡಿದ್ದೇನೆ.