ಬೈಪಾಸಿನ ಅನಂತರವೂ ಹೃದಯಕ್ಕೆ ರಕ್ತದ ಕೊರತೆ

ಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬನು ಹೃದ್ರೋಗವನ್ನು ಕುರಿತು ಬರೆಯಹೊರಟರೆ ವಾಚಕರು ನಕ್ಕಾರು. ಆದರೆ ಈ ವಿಷಯವನ್ನು ನಾನು ಹುಡುಕಿಕೊಂಡು ಹೋದವನಲ್ಲ. ಅದೇ ನಮ್ಮ ಮನೆಯ ಬಾಗಿಲಿಗೆ ಬಂದಿತು. ನಮ್ಮ ದೊಡ್ಡಪ್ಪನವರಿಗೆ ಒಂಬತ್ತು ವರ್ಷಗಳ ಹಿಂದೆ ಬೈಪಾಸ್ ಶಸ್ತ್ರಚಿಕಿತ್ಸೆಯಾಗಿತ್ತು. ಕಳೆದ ಸುಗ್ಗಿಯಲ್ಲಿ ಕೆರೆಯ ಏರಿಯನ್ನು ಹತ್ತುವಾಗ ಅವರಿಗೆ ಎದೆ ಬಿಗಿದಂತಾಗತೊಡಗಿತು, ನಿಂತರೆ ಕಡಿಮೆಯಾಗುತ್ತಿತ್ತು. “ಆಪರೇಷನ್ನೇ ಆಗಿದೆ, ಇನ್ನು ಹೃದಯಕ್ಕೇನು ಬರುತ್ತದಪ್ಪಾ? ಇದು ಬರಿಯ ವಾಯು” ಎಂದು ಜೀರಿಗೆ ಕಷಾಯ ಕುಡಿದರು. ಮನೆಯಲ್ಲಿ ಓದಿದವನೆನಿಸಿಕೊಂಡ ನಾನೂ “ಹೌದು ದೊಡ್ಡಪ್ಪ” ಎಂದೆ. ಆ ‘ಹೌದು’ ಎಷ್ಟು ತಪ್ಪೆಂಬುದು ಅನಂತರ ತಿಳಿಯಿತು. ವೈದ್ಯರಿಂದ ಕೇಳಿದುದನ್ನೂ ಓದಿ ಅರಿತುದನ್ನೂ ಇಲ್ಲಿ ಸಂಗ್ರಹಿಸಿದ್ದೇನೆ.

ಹೃದಯವು ದೇಹಕ್ಕೆಲ್ಲ ರಕ್ತವನ್ನು ಹಂಚುತ್ತದೆ. ಅದರ ಮಾಂಸಕ್ಕೆ ಬೇಕಾದ ರಕ್ತವಾದರೋ ಮಹಾಧಮನಿಯ ಬುಡದಲ್ಲಿ ಕವಲೊಡೆಯುವ ಎಡ ಮತ್ತು ಬಲ ಕರೋನರಿ ಧಮನಿಗಳಿಂದ ಬರಬೇಕು. ಇವುಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾದಾಗ, ದುಡಿಯುವ ಹೃದಯಕ್ಕೆ ಬೇಕಾದಷ್ಟು ರಕ್ತ ದೊರೆಯದು. ಎದೆಯ ಬಿಗಿತವೆಂಬುದು ಆ ಹಸಿವಿನ ಕೂಗು.

1964ರಲ್ಲಿ ಲೆನಿನ್‌ಗ್ರಾಡಿನ ಕೊಲೆಸೊವ್ ಎಂಬ ಶಸ್ತ್ರವೈದ್ಯರು ಎದೆಗೂಡಿನ ಒಳಗೋಡೆಯ ಧಮನಿಯನ್ನು ಕರೋನರಿ ಧಮನಿಗೆ ಹೊಲಿದು ಜೋಡಿಸಿದರು. 1967ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿದ್ದ ಅರ್ಜೆಂಟೀನಾ ದೇಶದ ಫವಲೋರೊ ಅವರು ಕಾಲಿನ ಅಭಿಧಮನಿಯನ್ನು ಬಳಸಿ ಈ ಕ್ರಮವನ್ನು ರೂಢಿಗೆ ತಂದರು. ಹೂಳು ತುಂಬಿದ ಕಾಲುವೆಯನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಹೊಸ ಕಾಲುವೆ ತೋಡಿ ಕೆಳಗಿನ ಗದ್ದೆಗೆ ನೀರು ಮುಟ್ಟಿಸಿದಂತೆ ಇದು. ಆದರೆ ಹೂಳಿನ ಮೂಲ ಹೋಗಲಿಲ್ಲವೆಂಬುದನ್ನು ನಾವು ಮರೆಯುತ್ತೇವೆ.

ಹೊಸ ಕಾಲುವೆ ಕೆಡುವುದು ಮೂರು ಕಾಲಗಳಲ್ಲಿ. ಮೊದಲ ತಿಂಗಳಲ್ಲಾದರೆ ಬಹುತೇಕ ರಕ್ತ ಹೆಪ್ಪುಗಟ್ಟುವುದರಿಂದ, ನಾಳ ಮಡಿಚಿಕೊಳ್ಳುವುದರಿಂದ ಅಥವಾ ಹೊಲಿಗೆಯ ದೋಷದಿಂದ. ಮೊದಲ ವರ್ಷದೊಳಗಾದರೆ ನಾಳದ ಒಳಪದರ ದಪ್ಪವಾಗಿ ಬೆಳೆಯುವುದರಿಂದ. ವರ್ಷ ಕಳೆದ ಮೇಲೆ ಹಳೆಯ ಶತ್ರುವಾದ ಕೊಬ್ಬೇ ಮತ್ತೆ ಬರುತ್ತದೆ. ಕಾಲಿನ ಅಭಿಧಮನಿಯು ಕಡಮೆ ಒತ್ತಡಕ್ಕೆ ಹೊಂದಿಕೊಂಡಿದ್ದ ನಾಳ. ಧಮನಿಯ ಒತ್ತಡವನ್ನು ಬಹುಕಾಲ ತಾಳಲಾರದು. ಹತ್ತು ವರ್ಷಗಳಲ್ಲಿ ಇಂಥ ಕಸಿಗಳಲ್ಲಿ ಸುಮಾರು ಅರ್ಧದಷ್ಟು ಕೆಟ್ಟುಹೋಗುತ್ತವೆ. ಎದೆಯ ಧಮನಿಯಾದರೋ 100ಕ್ಕೆ ಸುಮಾರು 90ರಷ್ಟು ತೆರೆದೇ ಇರುತ್ತದೆ.

ಶಸ್ತ್ರಚಿಕಿತ್ಸೆಯಾದ ದಿನವೇ ಕೊರತೆ ಉಂಟಾದರೆ ಗುರುತಿಸುವುದು ಸುಲಭವಲ್ಲ. ರೋಗಿಯು ಮದ್ದಿನ ಮಂಪರಿನಲ್ಲಿರುತ್ತಾನೆ. ಸೀಳಿದ ಎದೆಯ ನೋವು ಬೇರೆ. ಆದುದರಿಂದ ವೈದ್ಯರು ಇ.ಸಿ.ಜಿ.ಯ ರೇಖೆಗಳನ್ನೂ ರಕ್ತದೊತ್ತಡವನ್ನೂ ಬಡಿತದ ಲಯವನ್ನೂ ಎಡೆಬಿಡದೆ ನೋಡುತ್ತಾರೆ. ಹೃದಯದ ಮಾಂಸಕ್ಕೆ ಪೆಟ್ಟಾದಾಗ ಟ್ರೊಪೋನಿನ್ ಎಂಬ ವಸ್ತು ರಕ್ತದಲ್ಲಿ ಏರುವುದು. ಆದರೆ ಶಸ್ತ್ರಕ್ರಿಯೆಯಿಂದಲೂ ಅದು ಏರುವುದರಿಂದ, ಏರಿಕೆಯೊಂದನ್ನೇ ನಂಬುವಂತಿಲ್ಲ. ಎಕೋ ಪರೀಕ್ಷೆಯಲ್ಲಿ ಹೃದಯದ ಗೋಡೆಯ ಒಂದು ಭಾಗ ಹೊಸದಾಗಿ ಸೊರಗಿದ್ದರೆ ಸಂಶಯ ಬಲವಾಗುತ್ತದೆ. ಕೂಡಲೇ ಆಂಜಿಯೋಗ್ರಾಂ ಮಾಡುತ್ತಾರೆ. ದೋಷ ಕಂಡರೆ ಸ್ಟೆಂಟ್ ಇಡುವುದೋ ಮತ್ತೆ ಎದೆ ತೆರೆದು ಸರಿಪಡಿಸುವುದೋ ಆಗುತ್ತದೆ. ನಾಳ ಸೆಡೆತುಕೊಂಡಿದ್ದರೆ ಅದನ್ನು ಸಡಿಲಿಸುವ ಔಷಧಿಗಳುಂಟು.

ವರ್ಷಗಳ ಅನಂತರ ಬರುವ ಕೊರತೆಯ ಕತೆಯೇ ಬೇರೆ. ಅದು ಮೆಲ್ಲನೆ ಬರುತ್ತದೆ. ನಡೆದಾಗ ಬಿಗಿತ, ಮೆಟ್ಟಿಲು ಹತ್ತಿದಾಗ ಏದುಸಿರು, ಅಕಾರಣ ದಣಿವು. ಸಕ್ಕರೆ ಕಾಯಿಲೆಯವರಿಗೆ ಕೆಲವೊಮ್ಮೆ ನೋವೇ ಇರದು. ಸುಮ್ಮನೆ ಮಲಗಿದ್ದಾಗ ತೆಗೆದ ಇ.ಸಿ.ಜಿ. ಸರಿಯಾಗಿದ್ದರೂ ಕೊರತೆ ಇಲ್ಲವೆನ್ನಲಾಗದು. ಅದಕ್ಕಾಗಿಯೇ ಹೃದಯವನ್ನು ದುಡಿಸಿ ನೋಡುವ ಪರೀಕ್ಷೆಗಳಿವೆ. ಅಲ್ಪ ವಿಕಿರಣವುಳ್ಳ ದ್ರವ್ಯವನ್ನು ರಕ್ತಕ್ಕೆ ಸೇರಿಸಿ, ವಿಶ್ರಾಂತಿಯಲ್ಲೊಮ್ಮೆ ಶ್ರಮದಲ್ಲೊಮ್ಮೆ ಚಿತ್ರ ತೆಗೆದರೆ ಯಾವ ಭಾಗಕ್ಕೆ ರಕ್ತ ಸಾಲದೆಂಬುದು ತೋರುತ್ತದೆ. ಕಸಿ ತೆರೆದಿದೆಯೇ ಎಂಬುದನ್ನು ಸಿ.ಟಿ. ಯಂತ್ರವೂ, ಹೆಚ್ಚು ಖಚಿತವಾಗಿ ಆಂಜಿಯೋಗ್ರಾಮೂ ಹೇಳುತ್ತವೆ.

ಇಲ್ಲಿ ನನಗೆ ಬಹಳ ಸೋಜಿಗವೆನಿಸಿದ ಸಂಗತಿಯೊಂದಿದೆ. ದೊಡ್ಡಪ್ಪನವರನ್ನು ಕಂಡ ವೈದ್ಯರು ಮೊದಲು ಎರಡು ತೋಳುಗಳಲ್ಲಿಯೂ ರಕ್ತದೊತ್ತಡ ನೋಡಿದರು. ಕಾರಣ ಕೇಳಿದೆ. ಎದೆಯ ಎಡ ಧಮನಿಯು ಹುಟ್ಟುವುದು ಎಡತೋಳಿಗೆ ಹೋಗುವ ದೊಡ್ಡ ನಾಳದಿಂದ. ಆ ನಾಳ ಬುಡದಲ್ಲೇ ಕಿರಿದಾದರೆ ಕಸಿ ಚೆನ್ನಾಗಿದ್ದರೂ ಹೃದಯಕ್ಕೆ ರಕ್ತ ತಪ್ಪುತ್ತದೆ. ತೋಳು ದುಡಿದಾಗ ಕಸಿಯೊಳಗಿನ ರಕ್ತ ಹಿಂದಕ್ಕೆ ಹರಿದು ತೋಳಿನ ಪಾಲಾಗುವುದೂ ಉಂಟು. ಎಡತೋಳಿನ ಒತ್ತಡ ಬಲಕ್ಕಿಂತ ಬಹಳ ಕಡಮೆಯಾಗಿದ್ದರೆ ಅದು ಸುಳಿವು. ಖರ್ಚಿಲ್ಲದ ಪರೀಕ್ಷೆ, ಎಷ್ಟು ದೊಡ್ಡ ಅರ್ಥ!

ಇನ್ನು ಚಿಕಿತ್ಸೆ. ಆಸ್ಪಿರಿನ್, ಕೊಬ್ಬನ್ನು ತಗ್ಗಿಸುವ ಸ್ಟ್ಯಾಟಿನ್, ಹೃದಯದ ದುಡಿಮೆಯನ್ನು ಇಳಿಸುವ ಹಾಗೂ ನಾಳವನ್ನು ಹಿಗ್ಗಿಸುವ ಔಷಧಿಗಳು ಮೊದಲ ಆಸರೆ. ಅವು ಸಾಲದಿದ್ದರೆ ಸ್ಟೆಂಟ್. ಹಳೆಯ ಅಭಿಧಮನಿ ಕಸಿಯೊಳಗಿನ ಹೂಳು ಮೆತ್ತಗಿದ್ದು, ಕೈಯಿಟ್ಟರೆ ಪುಡಿಯಾಗಿ ಮುಂದೆ ಹರಿದು ಸಣ್ಣ ನಾಳಗಳನ್ನು ಮುಚ್ಚೀತು. ಆದ್ದರಿಂದ ಸಾಧ್ಯವಿದ್ದಲ್ಲಿ ಹೃದಯದ ಸ್ವಂತ ಧಮನಿಯನ್ನೇ ತೆರೆಯುವುದು ಮೇಲೆನ್ನುತ್ತಾರೆ. ಮರು ಬೈಪಾಸ್ ಮಾಡಬಹುದಾದರೂ ಅಪಾಯ ಮೊದಲಿಗಿಂತ ಹೆಚ್ಚು.

ದೊಡ್ಡಪ್ಪನವರ ಕಾಲಿನ ಕಸಿಯೊಂದು ಮುಚ್ಚಿತ್ತು. ಅವರದೇ ಧಮನಿಯನ್ನು ತೆರೆದು ಸ್ಟೆಂಟ್ ಇಟ್ಟರು. ಈಗ ಬೆಳಗಿನ ಹೊತ್ತು ಅದೇ ಏರಿಯ ಮೇಲೆ ನಡೆಯುತ್ತಾರೆ; ಬೀಡಿಯನ್ನು ಬಿಟ್ಟಿದ್ದಾರೆ. ನಾವು ಹದಿನೈದು ದಿನ ಕಷಾಯದಲ್ಲಿ ಕಳೆದೆವು. ಎಲ್ಲರ ಅದೃಷ್ಟವೂ ಹಾಗೆ ಕಾಯಲಾರದು. ನಿಮ್ಮ ಮನೆಯಲ್ಲಿ ಬೈಪಾಸ್ ಆದ ಹಿರಿಯರಿದ್ದರೆ, ಎದೆಯ ಬಿಗಿತವನ್ನು ವಾಯುವೆಂದು ನೀವೇ ತೀರ್ಮಾನಿಸಬೇಡಿರಿ. ವಿಶ್ರಾಂತಿಯಲ್ಲೂ ಅದು ಬಿಡದಿದ್ದರೆ ಒಂದು ಗಳಿಗೆಯೂ ತಡೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಲು ಬಿಡಬೇಡಿರಿ. ಕಾಲುವೆ ತೋಡಿದವನು ವರ್ಷವರ್ಷವೂ ಹೂಳು ತೆಗೆಯಬೇಕೆಂಬುದು ನಮ್ಮ ರೈತರಿಗೆ ಹೊಸ ಪಾಠವೇನೂ ಅಲ್ಲವಷ್ಟೆ.