ಮೇಜಿನ ಸುತ್ತ ಕೂತು ಕಟ್ಟುವ ಪ್ರಸಂಗ

ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುವವರು, ಉಳಿದವರು ಆ ಕಥೆಯ ಪಾತ್ರಧಾರಿಗಳು. ಪೆನ್ಸಿಲು, ಕಾಗದ, ಒಂದಿಷ್ಟು ದಾಳ ಇದ್ದರೆ ಸಾಕು. ಮೂರು ಗಂಟೆ ಕಳೆಯುವಷ್ಟರಲ್ಲಿ, ಅಲ್ಲಿದ್ದ ಯಾರೂ ಮೊದಲೇ ಊಹಿಸಿರದ ಕಥೆಯೊಂದು ನಡೆದುಹೋಗಿರುತ್ತದೆ. ಇದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್. ಆಡುವವರ ಬಾಯಲ್ಲಿ ಆರ್‌ಪಿಜಿ.

ಬಹುಕಾಲದಿಂದ ಈ ಆಟ ಆಡುತ್ತ, ಆಡಿಸುತ್ತ, ಅದರ ಪುಸ್ತಕಗಳನ್ನು ಕೂಡಿಸುತ್ತ ಬಂದ ನನಗೆ ಒಂದು ಮಾತು ಖಚಿತವಾಗಿದೆ. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ ಯಕ್ಷಗಾನ ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ಆಟದ ಅರ್ಧ ಆಗಲೇ ಗೊತ್ತಿದೆ. ನಮ್ಮಲ್ಲಿ ಇಲ್ಲದಿರುವುದು ಕನ್ನಡದಲ್ಲಿ ಅಚ್ಚಾದ, ಕೈಗೆಟಕುವ ಬೆಲೆಯ ಆಟದ ಪುಸ್ತಕ.

ಆಟ ನಡೆಯುವ ಬಗೆ

ಒಂದು ಉದಾಹರಣೆ ನೋಡೋಣ. ಮುಂಬಯಿಯಿಂದ ನಾಸಿಕ್‌ಗೆ ಹೋಗುವ ಹೆದ್ದಾರಿಯಲ್ಲಿ, ಘಾಟಿ ಹತ್ತಿದ ಮೇಲೆ ಘೋಟಿ ಎಂಬ ಪೇಟೆ ಸಿಗುತ್ತದೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ ಹತ್ತಲು ಹೊರಟವರಿಗೆ ಪರಿಚಯದ ಊರು. ಕಥೆ ನಡೆಸುವವರು ಆಟವನ್ನು 1865ರ ಮಳೆಗಾಲದ ಘೋಟಿಗೆ ಒಯ್ಯುತ್ತಾರೆ. ಥಳ್ ಘಾಟಿನ ರೈಲುದಾರಿ ಆ ವರ್ಷವೇ ಸಂಚಾರಕ್ಕೆ ತೆರೆದಿದೆ. ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆ ಬಿದ್ದಿದೆ. ಮುಂಬಯಿಯ ಷೇರುಪೇಟೆ ಮುಳುಗಿದೆ. ಧರ್ಮಶಾಲೆಯೊಂದರಲ್ಲಿ ನಾಲ್ವರು ಮಳೆಗೆ ಸಿಕ್ಕಿಬಿದ್ದಿದ್ದಾರೆ: ಕೈಸುಟ್ಟುಕೊಂಡ ಧಾರವಾಡದ ಹತ್ತಿ ವ್ಯಾಪಾರಿ, ಕುಂಬಳೆ ಕಡೆಯ ಮದ್ದಳೆಗಾರ, ರೈಲಿನ ಸುರಂಗ ಕೊರೆದ ಕೂಲಿಯಾಳು, ನಾಸಿಕ್‌ಗೆ ಹೊರಟ ಸೂಲಗಿತ್ತಿ. ಈ ನಾಲ್ಕು ಪಾತ್ರಗಳು ನಾಲ್ವರು ಆಟಗಾರರ ಪಾಲು.

“ಒಳಗಿನ ಕೋಣೆಯಲ್ಲಿ ಹೆಣ್ಣೊಬ್ಬಳು ನರಳುವ ಸದ್ದು. ಬಾಗಿಲಿಗೆ ಕಾವಲುಗಾರ ಅಡ್ಡ ನಿಂತಿದ್ದಾನೆ. ಏನು ಮಾಡ್ತೀರಿ?”

“ನಾನು ಜಗಲಿಯಲ್ಲಿ ಕೂತು ಮದ್ದಳೆ ನುಡಿಸ್ತೇನೆ. ಅವನು ಈಚೆ ಬಂದ ಕೂಡಲೇ ಸೂಲಗಿತ್ತಿಯಮ್ಮ ಒಳಗೆ ಹೋಗ್ಲಿ.”

“ಆಗಲಿ. ನಿಮ್ಮ ಪಾತ್ರಕ್ಕೆ ಜನರನ್ನು ಸೆಳೆಯುವ ಶಕ್ತಿ ಮೂರು. ದಾಳದ ಎಣಿಕೆಗೆ ಅದನ್ನು ಕೂಡಿಸಿ. ಹದಿನೈದು ಮುಟ್ಟಬೇಕು.”

ಇಪ್ಪತ್ತು ಮುಖದ ದಾಳ ಉರುಳುತ್ತದೆ. ಒಂಬತ್ತು ಬೀಳುತ್ತದೆ, ಮೂರು ಕೂಡಿದರೆ ಹನ್ನೆರಡು, ಸಾಲದು. ಆದರೂ ಆಟ ನಿಲ್ಲುವುದಿಲ್ಲ. ಮದ್ದಳೆ ಕೇಳಿ ಕಾವಲುಗಾರ ಕದಲಲಿಲ್ಲ, ಆದರೆ ಒಳಗಿದ್ದ ಯಜಮಾನನೇ ಸಿಟ್ಟಾಗಿ ಹೊರಗೆ ಬಂದ ಎನ್ನುತ್ತಾರೆ ಕಥೆ ನಡೆಸುವವರು. ಆ ಯಜಮಾನ ಧಾರವಾಡದ ವ್ಯಾಪಾರಿಗೆ ಸಾಲ ಕೊಟ್ಟವನೇ ಆಗಿರಬಹುದು. ಈಗ ವ್ಯಾಪಾರಿಯ ಪಾತ್ರಧಾರಿ ಬಾಯಿ ತೆರೆಯಬೇಕು. ಗೆದ್ದರೂ ಸೋತರೂ ಕಥೆ ಮುಂದಕ್ಕೆ ಹೋಗಬೇಕು ಎಂಬುದು ಒಳ್ಳೆಯ ಆಟದ ಮೊದಲ ಲಕ್ಷಣ.

ತೆಳು ಪುಸ್ತಕದಲ್ಲಿ ಹುಟ್ಟಿದ ಆಟ

ಇದು ಅಮೆರಿಕದ ಮಧ್ಯಪಶ್ಚಿಮದಲ್ಲಿ ಹುಟ್ಟಿದ ಆಟ. ಅಲ್ಲಿನ ಹವ್ಯಾಸಿಗಳು ಸೀಸದ ಪುಟ್ಟ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಯುದ್ಧದಾಟ ಆಡುತ್ತಿದ್ದರು. 1969ರಲ್ಲಿ ಮಿನೆಸೋಟದ ಡೇವಿಡ್ ವೆಸ್ಲಿ ‘ಬ್ರೌನ್‌ಸ್ಟೈನ್’ ಎಂಬ ಆಟದಲ್ಲಿ ಒಬ್ಬೊಬ್ಬರಿಗೆ ಒಂದು ಪಡೆ ಕೊಡುವ ಬದಲು ಒಬ್ಬೊಬ್ಬರಿಗೆ ಒಂದು ಪಾತ್ರ ಕೊಟ್ಟರು. ಅದನ್ನು ಆಡಿದ್ದ ಡೇವ್ ಆರ್ನೆಸನ್ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ನಾಡನ್ನು ಕಟ್ಟಿದರು. ವಿಸ್ಕಾನ್ಸಿನ್‌ನ ಗ್ಯಾರಿ ಗೈಗ್ಯಾಕ್ಸ್ ಅವರೊಡನೆ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದರು. ದೊಡ್ಡ ಪ್ರಕಾಶಕರ ಬೆಂಬಲವಿರಲಿಲ್ಲ. ಗೈಗ್ಯಾಕ್ಸ್ ಮತ್ತು ಗೆಳೆಯ ಡಾನ್ ಕೇ 1973ರಲ್ಲಿ ಶುರುಮಾಡಿದ ಟಿಎಸ್‌ಆರ್ ಎಂಬ ಪುಟ್ಟ ಸಂಸ್ಥೆ ಅದನ್ನು ಅಚ್ಚು ಹಾಕಿಸಿತು. ಒಂದು ಪೆಟ್ಟಿಗೆ, ಅದರೊಳಗೆ ಮೂರು ತೆಳು ಪುಸ್ತಿಕೆ, ಬೆಲೆ 10 ಡಾಲರ್, ಮೊದಲ ಮುದ್ರಣ 1,000 ಪ್ರತಿ. ಆ ತೆಳು ಪುಸ್ತಿಕೆಗಳಲ್ಲಿ ನಿಯಮಕ್ಕಿಂತ ಖಾಲಿ ಜಾಗವೇ ಹೆಚ್ಚು. ಅದನ್ನು ತುಂಬಿದವರು ಆಡಿದವರು.

ಅರ್ಥಧಾರಿಯ ಪಾಠ

ತಾಳಮದ್ದಳೆಯ ಬೇರು ಇದಕ್ಕಿಂತ ಬಹಳ ಹಳೆಯದು. ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನದಲ್ಲಿ ತಾಳಮದ್ದಳೆಯ ಉಲ್ಲೇಖವಿದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ; ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯದ ಎಳೆ ಹಿಡಿದು ಪಾತ್ರವಾಗಿ ಮಾತಾಡುತ್ತಾರೆ. ಬರೆದುಕೊಂಡು ಬಂದ ಸಂಭಾಷಣೆ ಅಲ್ಲಿ ನಡೆಯುವುದಿಲ್ಲ. ‘ವಾಲಿವಧೆ’ಯಲ್ಲಿ ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳಿದಾಗ ರಾಮನ ಅರ್ಥಧಾರಿ ಅಲ್ಲೇ, ಆಗಲೇ ಉತ್ತರ ಕಂಡುಕೊಳ್ಳಬೇಕು. ಶೇಣಿ ಗೋಪಾಲಕೃಷ್ಣ ಭಟ್ಟ, ದೇರಾಜೆ ಸೀತಾರಾಮಯ್ಯ, ಮಲ್ಪೆ ರಾಮದಾಸ ಸಾಮಗ, ಕುಂಬಳೆ ಸುಂದರ ರಾವ್ ಅವರಂಥವರು ಈ ಕಲೆಯಲ್ಲಿ ಹೆಸರಾದರು. ಮುಂಬಯಿಯ ಕನ್ನಡಿಗರೂ ಮಳೆಗಾಲದಲ್ಲಿ ಸರಣಿ ತಾಳಮದ್ದಳೆ ನಡೆಸುತ್ತಾರೆ. ಅಜೆಕಾರು ಕಲಾಭಿಮಾನಿ ಬಳಗ ಅದನ್ನು ಕಾಪಾಡಿಕೊಂಡು ಬಂದಿದೆ.

ಎದುರಿನವರ ಮಾತನ್ನು ಕಿವಿಗೊಟ್ಟು ಕೇಳುವುದು, ಪಾತ್ರದ ಸ್ವಭಾವ ಬಿಡದೆ ಉತ್ತರಿಸುವುದು, ಎದುರಾಳಿಗೂ ಬೆಳೆಯಲು ಎಡೆ ಕೊಡುವುದು: ಒಳ್ಳೆಯ ಆರ್‌ಪಿಜಿ ಆಟಗಾರನಿಗೆ ಬೇಕಾದ ಗುಣಗಳೂ ಇವೇ. ವ್ಯತ್ಯಾಸ ಎರಡು ಕಡೆ ಇದೆ. ಪ್ರಸಂಗದಲ್ಲಿ ಕೊನೆ ಮೊದಲೇ ಗೊತ್ತು. ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಸಾಯಲೇಬೇಕು. ಆಟದಲ್ಲಿ ಕೊನೆ ತೆರೆದಿರುತ್ತದೆ. ತಾಳಮದ್ದಳೆಗೆ ಸಭೆ ಬೇಕು. ಈ ಆಟಕ್ಕೆ ಆಡುವವರೇ ಸಭಿಕರು. ಹಾಗಾಗಿ ನಾಲ್ಕು ಜನರೆದುರು ಬಾಯಿ ತೆರೆಯಲು ಅಂಜುವ ಹುಡುಗಿಯೂ ಇಲ್ಲಿ ಸೂಲಗಿತ್ತಿಯಾಗಿ ಯಜಮಾನನನ್ನು ಗದರಬಲ್ಲಳು. ನನ್ನ ಮೇಜಿನಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ದಾಳವೂ ನಮಗೆ ಹೊಸದಲ್ಲ. ಛತ್ರಪತಿ ಸಂಭಾಜಿನಗರದ ಬಳಿಯ ಎಲ್ಲೋರದಲ್ಲಿ, 21ನೇ ಗುಹೆಯಾದ ರಾಮೇಶ್ವರದ ಗೋಡೆಯ ಮೇಲೆ ಶಿವ ಪಾರ್ವತಿಯರು ದಾಳದಾಟಕ್ಕೆ ಕೂತಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಾವೇ ಆಟಗಳನ್ನು ರೂಪಿಸಿದವರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ಯಲ್ಲಿ ಆಟಗಳಿಗೆ ಜಾಗ ಕೊಟ್ಟರು. ಆಟದ ನಿಯಮವೂ ಬರೆದಿಡಬೇಕಾದ ವಿದ್ಯೆ ಎಂದು ಬಗೆದ ದೊರೆ ಅವರು.

ದಪ್ಪ ಪುಸ್ತಕದ ದಾರಿ

ಅಮೆರಿಕದ ಪ್ರಕಾಶನ ಬೇರೆ ದಾರಿ ಹಿಡಿಯಿತು. ಟಿಎಸ್‌ಆರ್ ಒಂದರ ಮೇಲೊಂದು ಕಲ್ಪಿತ ಲೋಕ ಕಟ್ಟಿ ಪ್ರತಿಯೊಂದಕ್ಕೂ ಸಾಲು ಸಾಲು ಪುಸ್ತಕ ತಂದಿತು. ಕೊಳ್ಳುವವರು ಹಂಚಿಹೋದರು, ಮಾರಾಟವಾಗದ ಪ್ರತಿಗಳು ವಾಪಸು ಬಂದವು, ಸಾಲ ಬೆಳೆಯಿತು. 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಆಟದ ಸಂಸ್ಥೆ ಟಿಎಸ್‌ಆರ್ ಅನ್ನು ಕೊಂಡಿತು. 1999ರಲ್ಲಿ ವಿಝರ್ಡ್ಸ್ ಆಟಿಕೆ ಕಂಪನಿ ಹ್ಯಾಸ್‌ಬ್ರೊ ಪಾಲಾಯಿತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 2014ರ ಐದನೇ ಆವೃತ್ತಿಯ ಮೂರು ಮೂಲ ಪುಸ್ತಕಗಳು ಸೇರಿದರೆ ಸುಮಾರು ಸಾವಿರ ಪುಟ, ಆಗಿನ ಬೆಲೆ ಸುಮಾರು 150 ಡಾಲರ್. ಚಂದದ ಚಿತ್ರ, ಗಟ್ಟಿ ರಟ್ಟು, ಎಲ್ಲ ಸರಿ. ಆದರೆ ಹೊಸಬರು ಸಾವಿರ ಪುಟ ನೋಡಿ ಓದಿ ಮುಗಿಸಿದ ಮೇಲೆ ಆಡೋಣ ಎಂದುಕೊಳ್ಳುತ್ತಾರೆ. ಆ ದಿನ ಬರುವುದೇ ಇಲ್ಲ. ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ. ಈ ಹವ್ಯಾಸಕ್ಕೆ ಆಗಿರುವ ದೊಡ್ಡ ನಷ್ಟ ಇದೇ ಎಂದು ನಾನು ನಂಬುತ್ತೇನೆ.

ಅದೇ ಉದ್ಯಮ ಒಂದು ಒಳ್ಳೆಯ ಬಾಗಿಲನ್ನೂ ತೆರೆಯಿತು. 2000ರಲ್ಲಿ ವಿಝರ್ಡ್ಸ್ ಸಂಸ್ಥೆ ನಿಯಮಗಳ ತಿರುಳನ್ನು ಬೇರೆಯವರೂ ಬಳಸಿ ಪುಸ್ತಕ ತರಬಹುದೆಂದು ಮುಕ್ತ ಪರವಾನಗಿ ನೀಡಿತು. 2023ರ ಜನವರಿಯಲ್ಲಿ ಅದನ್ನು ಬಿಗಿಗೊಳಿಸುವ ಕರಡು ಹೊರಬಿದ್ದಾಗ ಆಟಗಾರರೂ ಸಣ್ಣ ಪ್ರಕಾಶಕರೂ ಒಟ್ಟಾಗಿ ಪ್ರತಿಭಟಿಸಿದರು. ಅದೇ ತಿಂಗಳ 27ರಂದು ಸಂಸ್ಥೆ ಐದನೇ ಆವೃತ್ತಿಯ ಸುಮಾರು 400 ಪುಟದ ನಿಯಮಾವಳಿಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಇದನ್ನು ಹಿಂದಕ್ಕೆ ಪಡೆಯಲಾಗದು. ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಅನುವಾದಿಸಬಹುದು, ಬದಲಿಸಬಹುದು, ಅಚ್ಚು ಹಾಕಿ ಮಾರಬಹುದು. ಕನ್ನಡದ ಪ್ರಕಾಶಕರಿಗೂ ಈ ಹಕ್ಕು ಇದೆ.

ನಮ್ಮ ಕಡೆಯ ಕಥೆಗಳಿಗೆ ಹೊರಗೆ ಜಾಗವೂ ಸಿಗುತ್ತಿದೆ. ಇದೇ ಆಟದ 2022ರ ‘ಜರ್ನೀಸ್ ಥ್ರೂ ದಿ ರೇಡಿಯಂಟ್ ಸಿಟಡೆಲ್’ ಸಂಕಲನದಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ಲೇಖಕಿ ಮಿಮಿ ಮಂಡಲ್ ಬರೆದ ಸಾಹಸಕಥೆ ಇದೆ. ಆದರೆ ಅದು ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲೇ ವಾದಿಸುವ ಮೇಜಿಗೆ ಅಷ್ಟು ಸಾಲದು.

ಕನ್ನಡಕ್ಕೆ ಬೇಕಾದ ಪುಸ್ತಕ

ಮಾದರಿ ಹುಡುಕಲು ಹೊರಗೆ ಹೋಗಬೇಕಿಲ್ಲ. ಉಡುಪಿಯ ಪಾವಂಜೆ ಗುರುರಾವ್ ಅವರ ಪ್ರಕಾಶನ ಯಕ್ಷಗಾನ ಪ್ರಸಂಗಗಳನ್ನು ಅಗ್ಗದ ತೆಳು ಪುಸ್ತಕಗಳಾಗಿ ಊರೂರಿಗೆ ಮುಟ್ಟಿಸಿತು. ಭಾಗವತರ ಕೈಯಲ್ಲಿ ಆ ಪುಸ್ತಕ ಇದ್ದರೆ ರಾತ್ರಿಯಿಡೀ ಕೂಟ ನಡೆಯುತ್ತಿತ್ತು. ಪುಸ್ತಕದಲ್ಲಿ ಇದ್ದದ್ದು ಪದ್ಯ ಮಾತ್ರ. ಅರ್ಥ ಹೇಳುವುದು ಕಲಾವಿದರ ಪಾಲಿಗೆ ಬಿಟ್ಟದ್ದು. ಆಟದ ಪುಸ್ತಕವೂ ಇಷ್ಟೇ ಆಗಬೇಕು.

ನನ್ನ ಲೆಕ್ಕದಲ್ಲಿ 32 ಪುಟ ಸಾಕು. ಎರಡು ಪುಟದಲ್ಲಿ ನಿಯಮ. ಕೂಡಲೇ ಆಡಬಹುದಾದ ಐದು ಸಿದ್ಧ ಪಾತ್ರಗಳು, ಒಂದು ನಕಾಶೆ, ಕೊನೆ ಬರೆಯದೆ ಬಿಟ್ಟ ಒಂದು ಕಥಾಗಂಟು. ದಾಳ ಸಿಗದಿದ್ದರೆ ಚೌಕಾಬಾರದ ಕವಡೆ ಇದೆ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಎಣಿಕೆಗೂ ಸಮಾನ ಅವಕಾಶ. ಆರು ಕವಡೆ ಚೆಲ್ಲಿದರೆ ನಡುವಿನ ಎಣಿಕೆ ಹೆಚ್ಚು ಸಲ, ತುದಿಯ ಎಣಿಕೆ ಅಪರೂಪಕ್ಕೆ ಬೀಳುತ್ತದೆ. ಕವಡೆಗೆ ತಕ್ಕ ನಿಯಮ ಬರೆದರೆ ಆರು ಬಿದ್ದ ಗಳಿಗೆಗೆ ಬೇರೆಯದೇ ಕಳೆ ಬರುತ್ತದೆ.

ಕಥೆಗೆ ಬರವಿಲ್ಲ. ಕಾಳುಮೆಣಸಿನ ವ್ಯಾಪಾರ ಹಿಡಿದಿಟ್ಟ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಬಂದರು, 1824ರ ಕಿತ್ತೂರಿನ ಕೋಟೆ, ಕೋಲಾರದ ಚಿನ್ನದ ಗಣಿಯ ಮೊದಲ ದಿನಗಳು: ಒಂದೊಂದೂ ಒಂದೊಂದು ಪುಸ್ತಿಕೆ. ಕರಾವಳಿಯ ಹವ್ಯಾಸಿ ಕೂಟಗಳಲ್ಲಿ ಅರ್ಥ ಹೇಳುವ ಯುವಕ ಯುವತಿಯರು ಇವನ್ನು ಬರೆಯಲಿ. ಎದುರಿನವರಿಗೆ ಮಾತಿನ ಅವಕಾಶ ಹೇಗೆ ಕಟ್ಟಿಕೊಡಬೇಕೆಂದು ಅವರಿಗೆ ಗೊತ್ತು. ಸಣ್ಣ ಪ್ರಕಾಶಕರು ಒಂದು ಪುಸ್ತಿಕೆಯಿಂದ ಶುರುಮಾಡಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ, ಶಾಲೆಯ ಗ್ರಂಥಾಲಯಗಳಲ್ಲಿ ಅದು ಸಿಗಲಿ. ಪುಸ್ತಿಕೆ ಬರುವ ತನಕ ಕಾಯಬೇಕಾಗಿಯೂ ಇಲ್ಲ: ಈ ಭಾನುವಾರ ಮನೆಯಲ್ಲಿ ಐವರು ಸೇರಿದರೆ, ಘೋಟಿಯ ಆ ನಾಲ್ಕು ಪಾತ್ರಗಳನ್ನು ಹಂಚಿಕೊಂಡು ಆಟ ಶುರುಮಾಡಿ. ಕಥೆ ನಡೆಸುವ ಹೊಣೆಯನ್ನು ಮನೆಯ ಹಿರಿಯರೊಬ್ಬರಿಗೆ ಒಪ್ಪಿಸಿ.