‘ಶರ್ಲಿ’: ಮಗನಿಗೆಂದು ಕಾದಿರಿಸಿದ ಹೆಸರು

ಶಾಲೆಯ ದಾಖಲಾತಿ ಪುಸ್ತಕಗಳನ್ನು ಇಪ್ಪತ್ತು ಮೂವತ್ತು ವರ್ಷಗಳ ಅಂತರದಲ್ಲಿ ತೆರೆದು ನೋಡಿದ ಅಧ್ಯಾಪಕರಿಗೆ ಹೆಸರುಗಳೂ ಗುಂಪುಗುಂಪಾಗಿ ಬಂದು ಹೋಗುತ್ತವೆಂಬುದು ತಿಳಿದ ಸಂಗತಿ. ಬರುವುದೇಕೆ, ಹೋಗುವುದೇಕೆ ಎಂದು ಕೇಳಿದರೆ ಮಾತ್ರ ಉತ್ತರ ಸುಲಭವಲ್ಲ. ಬಹುತೇಕ ಹೆಸರುಗಳ ಏರಿಳಿತಕ್ಕೆ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಇಂಗ್ಲಿಷಿನ ‘ಶರ್ಲಿ’ ಇದಕ್ಕೊಂದು ಅಪವಾದ. ಅದರ ಚರಿತ್ರೆಯಲ್ಲಿ ಒಬ್ಬ ಕಾದಂಬರಿಕಾರ್ತಿಯ ಮತ್ತು ಆರು ವರ್ಷದ ಒಬ್ಬ ಬಾಲೆಯ ಕೈವಾಡ ಸ್ಪಷ್ಟವಾಗಿ ಕಾಣುತ್ತದೆ.

ಮೂಲದಲ್ಲಿ ಅದು ಊರಿನ ಹೆಸರು. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ನಿನಲ್ಲಿ, ಬರ್ಮಿಂಗ್‌ಹ್ಯಾಮಿನ ಸಮೀಪದ ಸಾಲಿಹಲ್‌ನಲ್ಲಿ ಈ ಹೆಸರಿನ ಸ್ಥಳಗಳಿವೆ. ಇದರ ಉತ್ತರಾರ್ಧವಾದ ‘ಲಿ’ ಹಳೆಯ ಇಂಗ್ಲಿಷಿನಲ್ಲಿ ಕಾಡಿನ ನಡುವಣ ತೆರವಾದ ಬಯಲನ್ನು ಸೂಚಿಸುವ ಪದದಿಂದ ಬಂದುದು. ಪೂರ್ವಾರ್ಧಕ್ಕೆ ‘ಪ್ರಕಾಶಮಾನವಾದ’ ಎಂಬ ಅರ್ಥವನ್ನು ಸಾಮಾನ್ಯವಾಗಿ ಹೇಳುತ್ತಾರೆ. ಅದು ಜಿಲ್ಲೆ ಎಂಬರ್ಥದ ‘ಶೈರ್’ ಇದ್ದೀತೆಂಬ ವಾದವೂ ಉಂಟು. ಮೊದಲ ಅರ್ಥವನ್ನು ಒಪ್ಪಿದರೆ ಶರ್ಲಿ ಎಂದರೆ ಬೆಳಕು ತುಂಬಿದ ಬಯಲು. ಊರ ಹೆಸರು ಮನೆತನದ ಹೆಸರಾಗುವುದು ಉತ್ತರ ಕರ್ನಾಟಕದ ಓದುಗರಿಗೆ ಹೊಸದೇನಲ್ಲ. ಡರ್ಬಿಶೈರಿನ ಶರ್ಲಿಯಿಂದ ಹೆಸರು ಪಡೆದ ಒಂದು ಶ್ರೀಮಂತ ಮನೆತನವೇ ಇದೆ. ಇಂಗ್ಲಿಷರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಅಡ್ಡಹೆಸರುಗಳನ್ನು ಗಂಡುಮಕ್ಕಳಿಗೆ ಹೆಸರಾಗಿಯೇ ಇಡುತ್ತಿದ್ದರು. ‘ಪಂಚ್’ ಎಂಬ ಪ್ರಸಿದ್ಧ ಹಾಸ್ಯಪತ್ರಿಕೆಗೆ 1870ರಿಂದ 1874ರವರೆಗೆ ಸಂಪಾದಕನಾಗಿದ್ದ ಶರ್ಲಿ ಬ್ರೂಕ್ಸ್ ಗಂಡಸು.

ಆ ಹೊತ್ತಿಗಾಗಲೇ ಹೆಸರಿನ ದಿಕ್ಕು ಬದಲಾಗುವ ಸೂಚನೆ ದೊರೆತಿತ್ತು. 1849ರಲ್ಲಿ ಷಾರ್ಲೆಟ್ ಬ್ರಾಂಟೆ ತನ್ನ ಕಾವ್ಯನಾಮವಾದ ಕರರ್ ಬೆಲ್ ಎಂಬ ಹೆಸರಿನಲ್ಲಿ ‘ಶರ್ಲಿ’ ಕಾದಂಬರಿಯನ್ನು ಪ್ರಕಟಿಸಿದಳು. ಯಾರ್ಕ್‌ಶೈರಿನ ನೇಕಾರಿಕೆಯ ಸೀಮೆಯಲ್ಲಿ, ಯಂತ್ರಗಳ ವಿರುದ್ಧ ಕಾರ್ಮಿಕರು ದಂಗೆಯೆದ್ದ 1811–12ರ ಕಾಲದ ಕಥೆ ಅದು. ಅದರ ನಾಯಕಿ ಶರ್ಲಿ ಕೀಲ್ಡಾರಳ ತಂದೆತಾಯಿಗಳು ಗಂಡುಮಗುವನ್ನು ಬಯಸಿದ್ದರು, ಹುಟ್ಟಿದ್ದು ಹೆಣ್ಣು. ಮಗನಿಗೆಂದು ಕಾದಿರಿಸಿದ್ದ ಮನೆತನದ ಹೆಸರನ್ನೇ ಮಗಳಿಗೆ ಇಟ್ಟುಬಿಟ್ಟರು. ಹೆಸರಿನ ಜೊತೆಗೆ ಜಮೀನೂ ಬಂತು, ಒಡೆತನವೂ ಬಂತು. ಗಂಡಸಿನ ಹೆಸರನ್ನು ಹೊತ್ತ ತನಗೆ ಗಂಡಸಿನ ಪದವಿಗಳೂ ಸಲ್ಲಬೇಕೆಂದು ಆಕೆ ನಗೆಯಾಡುತ್ತಾಳೆ. ಆ ನಗೆಯ ಹಿಂದೆ, ಹೆಣ್ಣೆಂಬ ಒಂದೇ ಕಾರಣಕ್ಕೆ ಮುಚ್ಚಿಕೊಂಡಿದ್ದ ಬಾಗಿಲುಗಳೆಷ್ಟೆಂಬುದು ಓದುಗನಿಗೆ ಅರಿವಾಗದೆ ಇರದು. ಈ ಕೃತಿಯನ್ನು ಬರೆಯುತ್ತಿದ್ದ ಅವಧಿಯಲ್ಲಿ, ಎಂಟೇ ತಿಂಗಳ ಅಂತರದಲ್ಲಿ, ಲೇಖಕಿ ತನ್ನ ಸೋದರನನ್ನೂ ಎಮಿಲಿ, ಆ್ಯನ್ ಎಂಬ ಇಬ್ಬರು ತಂಗಿಯರನ್ನೂ ಕಳೆದುಕೊಂಡಳು. ಆರೋಗ್ಯವೂ ಸಿರಿತನವೂ ಇದ್ದಿದ್ದರೆ ಎಮಿಲಿ ಹೇಗಿರುತ್ತಿದ್ದಳೋ ಹಾಗೆ ಶರ್ಲಿಯನ್ನು ಚಿತ್ರಿಸಲಾಗಿದೆಯೆಂದು ಷಾರ್ಲೆಟ್‌ಳ ಜೀವನಚರಿತ್ರೆಯನ್ನು ಬರೆದ ಎಲಿಜಬೆತ್ ಗ್ಯಾಸ್ಕೆಲ್ ತಿಳಿಸಿದ್ದಾಳೆ.

ಕಾದಂಬರಿ ಹೊರಬಂದ ಮರುದಿನವೇ ಮನೆಮನೆಯಲ್ಲಿ ಶರ್ಲಿಯರು ಹುಟ್ಟಲಿಲ್ಲ. ಬದಲಾವಣೆ ನಿಧಾನವಾದದ್ದು. ಅಮೆರಿಕದಲ್ಲಿ 1920ರ ದಶಕದಲ್ಲಿ ಹೆಣ್ಣುಮಕ್ಕಳ ಹೆಸರುಗಳಲ್ಲಿ ಅದು ಏರುತ್ತಲೇ ಇತ್ತು; 1928ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಶರ್ಲಿ ಟೆಂಪಲ್ ಎಂಬ ಮಗುವಿಗೂ ಆಗಲೇ ರೂಢಿಗೆ ಬಂದಿದ್ದ ಹೆಸರೇ ದೊರೆಯಿತು. ಆದುದರಿಂದ ಆ ಹೆಸರನ್ನು ಆಕೆಯೇ ಸೃಷ್ಟಿಸಿದಳೆಂಬ ಮಾತು ಸರಿಯಲ್ಲ. ಆದರೆ 1934ರಲ್ಲಿ ಗುಂಗುರು ಕೂದಲಿನ ಆ ಬಾಲೆ ಚಲನಚಿತ್ರಗಳಲ್ಲಿ ಹಾಡಿ ಕುಣಿದಾಗ, ಆರ್ಥಿಕ ಮುಗ್ಗಟ್ಟಿನಿಂದ ಬೆಂದಿದ್ದ ದೇಶ ಆಕೆಗೆ ಮನಸೋತಿತು. 1935ರಿಂದ 1938ರವರೆಗೆ ನಾಲ್ಕು ವರ್ಷ ಅಲ್ಲಿನ ಚಿತ್ರಮಂದಿರಗಳಿಗೆ ಅತಿ ಹೆಚ್ಚು ಜನರನ್ನು ಸೆಳೆದ ತಾರೆ ಈ ಮಗುವೇ. 1935ರಲ್ಲಿ ಹುಟ್ಟಿದ 42 ಸಾವಿರಕ್ಕೂ ಹೆಚ್ಚು ಅಮೆರಿಕನ್ ಹೆಣ್ಣುಮಕ್ಕಳಿಗೆ ಶರ್ಲಿ ಎಂದು ಹೆಸರಿಡಲಾಯಿತು. ಅಂದರೆ ಸುಮಾರು ಇಪ್ಪತ್ತೈದು ಮಂದಿಯಲ್ಲಿ ಒಬ್ಬಳು! ಮೇರಿ ಒಂದನ್ನುಳಿದು ಬೇರಾವ ಹೆಸರೂ ಅದರ ಮುಂದಿರಲಿಲ್ಲ.

ಈ ನೆರೆಯಲ್ಲಿ ಸಿಕ್ಕಿಕೊಂಡವರು ಹಳೆಯ ಪದ್ಧತಿಯ ಗಂಡಸು ಶರ್ಲಿಗಳು. 1905ರಲ್ಲಿ ಹುಟ್ಟಿದ ಶರ್ಲಿ ಪೋವಿಚ್ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಹೆಸರಾಂತ ಕ್ರೀಡಾ ಬರಹಗಾರ, ಸಂಸಾರಸ್ಥ. ಆದರೂ ಅಮೆರಿಕದ ಗಣ್ಯ ಮಹಿಳೆಯರ ಪರಿಚಯಕೋಶದಲ್ಲಿ ಆತನ ಹೆಸರು ಅಚ್ಚಾಯಿತು. ಹೆಣ್ಣುಮಕ್ಕಳ ಪಾಲಾದ ಹೆಸರನ್ನು ಗಂಡುಮಗುವಿಗೆ ಇಡಲು ತಂದೆತಾಯಿಗಳು ಮತ್ತೆ ಮುಂದಾಗುವುದು ಅಪರೂಪ. ಹುಡುಗಿಗೆ ಹುಡುಗನ ಹೆಸರು ಏರಿಕೆಯೆನಿಸಿದರೆ, ಹುಡುಗನಿಗೆ ಹುಡುಗಿಯ ಹೆಸರು ಇಳಿಕೆಯೆನಿಸುತ್ತದೆಂಬ ಭಾವನೆ ಇದರ ಹಿಂದಿದೆಯೆಂದರೆ ತಪ್ಪಾಗಲಾರದು. ‘ಆ್ಯಶ್ಲಿ’ಯೂ ಇದೇ ದಾರಿ ಹಿಡಿಯಿತು. 1936ರ ‘ಗಾನ್ ವಿತ್ ದ ವಿಂಡ್’ ಕಾದಂಬರಿಯಲ್ಲಿ ಗಂಡಸಿನದಾಗಿದ್ದ ಆ ಹೆಸರು 1990ರ ದಶಕದ ಆರಂಭದಲ್ಲಿ ಅಮೆರಿಕದ ಹೆಣ್ಣುಮಕ್ಕಳ ಹೆಸರುಗಳಲ್ಲಿ ಮೊದಲ ಸ್ಥಾನಕ್ಕೇರಿತು.

ಒಬ್ಬ ತಾರೆಯನ್ನು ನೆಚ್ಚಿದ ಹೆಸರಿಗೆ ವಯಸ್ಸೂ ಬೇಗನೆ ಆಗುತ್ತದೆ. ಬಾಲತಾರೆ ಬೆಳೆದು ದೊಡ್ಡವಳಾದಳು, ಮುಂದೆ ಘಾನಾ ಮತ್ತು ಚೆಕೊಸ್ಲೊವಾಕಿಯಗಳಲ್ಲಿ ಅಮೆರಿಕದ ರಾಯಭಾರಿಯಾದಳು, 2014ರಲ್ಲಿ ತೀರಿಕೊಂಡಳು. ಆಕೆಯ ಹೆಸರು ಹೊತ್ತ ಪೀಳಿಗೆ ಅಜ್ಜಿಯರಾದಂತೆ ಹೊಸ ತಾಯಂದಿರಿಗೆ ಶರ್ಲಿ ಹಳತೆನಿಸಿತು. ಇಂದು ಅಲ್ಲಿ ಈ ಹೆಸರಿನ ಕೂಸು ವಿರಳ.

ಬ್ರಾಂಟೆಯ ನಾಯಕಿಯನ್ನೇ ಮನಸ್ಸಿನಲ್ಲಿಟ್ಟು ಹೆಸರಿಟ್ಟ ತಾಯಂದಿರೂ ಇದ್ದರು. ಬ್ರಿಟಿಷ್ ಲೇಖಕಿ, ಸ್ತ್ರೀಹಕ್ಕುಗಳ ಪ್ರತಿಪಾದಕಿ ವೆರಾ ಬ್ರಿಟನ್ 1930ರಲ್ಲಿ ತನಗೆ ಹುಟ್ಟಿದ ಮಗಳನ್ನು ಆ ಕಾದಂಬರಿಯ ನೆನಪಿನಲ್ಲಿ ಶರ್ಲಿ ಎಂದು ಕರೆದಳು. ಟೆಂಪಲ್ ಆಗಿನ್ನೂ ಎರಡು ವರ್ಷದ ಕೂಸು. ಆ ಮಗಳೇ ಶರ್ಲಿ ವಿಲಿಯಮ್ಸ್, 1976ರಿಂದ 1979ರವರೆಗೆ ಬ್ರಿಟನ್ನಿನ ಶಿಕ್ಷಣ ಸಚಿವೆಯಾಗಿದ್ದವರು.